ಬಲಗಡೆಯ ಕೆಳಮೂಲೆ

ಫೈಲು ಇತ್ತು. ಅದರ ಹೆಸರು, ತಾರೀಖು, ಹೊತ್ತು ಎಲ್ಲವೂ ಸರಿಯಾಗಿದ್ದವು. ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ ‘ಯಶಸ್ವಿ’ ಎಂದೂ ಬರೆದಿತ್ತು. ಅದರೊಳಗೆ ಹೆಂಡತಿ ಮಾತ್ರ ಇರಲಿಲ್ಲ.

ಅವಳಿಲ್ಲದ್ದು ತನ್ನ ಕಣ್ಣಿಗೆ ತಕ್ಷಣ ಬೀಳಲಿಲ್ಲ ಎನ್ನುವುದೇ ಆಮೇಲೆ ವಿಮಾ ಸರ್ವೇಯರನನ್ನು ಹೆಚ್ಚು ಕಾಡಿತು. ಮೊದಲು ಬಿದ್ದದ್ದು ಚಿತ್ರದ ಚೊಕ್ಕತನ. ವಾರ್ತೆ ಓದುವವಳು ಪರದೆಯ ತುಂಬ ಕೂತಿದ್ದಳು. ಕೆಳಗೆ ಓಡುವ ಪಟ್ಟಿಯಿಲ್ಲ, ಪಕ್ಕದಲ್ಲಿ ಕುಣಿಯುವ ಜಾಹೀರಾತಿಲ್ಲ, ಷೇರುಪೇಟೆಯ ಕೆಂಪು ಹಸಿರು ಬಾಣಗಳಿಲ್ಲ. ಸೋಫಾದ ಅಂಚಿನಲ್ಲಿ ಕೂತು, ಕಾಲಿನ ಬೂಟು ಬಿಚ್ಚುವ ಮೊದಲೇ ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಇದನ್ನು ನೋಡಿ ಕಲಿಯಬೇಕು ಚಾನೆಲ್‌ನವರು ಅಂದುಕೊಂಡ. ಆಮೇಲೆ ಹೆಂಡತಿಯನ್ನು ಹುಡುಕಿದ. ಅವರು ಅವಳನ್ನು ತೋರಿಸಲೇ ಇಲ್ಲವೇನೋ ಎಂಬ ಯೋಚನೆ ಬಂತು. ಅದರ ಬೆನ್ನಿಗೇ ಬಂದ ಸಣ್ಣ ನೆಮ್ಮದಿಯನ್ನು ಕಂಡೂ ಕಾಣದವನಂತೆ ಇದ್ದುಬಿಟ್ಟ. ಹಾಗಾದರೆ ತಪ್ಪು ಚಾನೆಲ್‌ನದು. ಅಷ್ಟರಲ್ಲಿ ಪರದೆಯ ಬಲ ಅಂಚಿನಿಂದ, ಕೆಳಗಡೆ, ಒಂದು ಬೆರಳಿನ ತುದಿ ಒಳಗೆ ಬಂದು ಹೊರಟುಹೋಯಿತು. ಅವನು ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ನೋಡಿದ. ಬೆರಳೇ. ತುದಿಗೆ ಮೈಬಣ್ಣದ ಪ್ಲಾಸ್ಟರು ಸುತ್ತಿತ್ತು. ಬೆಳಿಗ್ಗೆ ಕಪ್ಪು ಅಂಗಿ ಇಸ್ತ್ರಿ ಮಾಡುತ್ತಾ ಹೆಂಡತಿ ಸುಟ್ಟುಕೊಂಡ ಬೆರಳು ಅದು. ಪ್ಲಾಸ್ಟರು ಹುಡುಕಿಕೊಡಿ ಎಂದು ಅವಳು ಬಚ್ಚಲುಮನೆಯಿಂದ ಕೂಗಿದಾಗ ಇವನು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಬಂದೆ ಬಂದೆ ಎಂದು ಹೇಳುತ್ತಲೇ ಇದ್ದ. ತಾನು ಏನು ಮಾಡಿದ್ದೇನೆಂದು ಅವನಿಗೆ ಪೂರ್ತಿ ಅರ್ಥವಾಯಿತು. ಅಷ್ಟು ಪೂರ್ತಿಯಾಗಿ ಅರ್ಥವಾಗುವುದು ಅವನ ಉದ್ಯೋಗದ ಶಾಪ.

ಪೆಟ್ಟಿಗೆ ಎಂದರೆ ಸರ್ವರ್. ಅವನು ಅದನ್ನು ಮನೆಯಲ್ಲಿ ಸರ್ವರ್ ಎಂದೇ ಕರೆಯುತ್ತಿದ್ದ, ಹೆಂಡತಿ ಪೆಟ್ಟಿಗೆ ಎನ್ನುತ್ತಿದ್ದಳು, ಕೊನೆಗೆ ಅವಳ ಮಾತೇ ನಿಂತಿತು. ಆಫೀಸಿನವರು ಹೊರಗೆ ಹಾಕಿದ್ದ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದು, ಡಿಸ್ಕುಗಳನ್ನು ಸೇರಿಸಿ, ಟಿವಿ ಕೇಬಲ್ಲನ್ನು ಅದಕ್ಕೆ ಚುಚ್ಚಿ, ಬಾಗಿಲ ಪಕ್ಕದ ಚಪ್ಪಲಿ ಗೂಡಿನಲ್ಲಿ ಇಟ್ಟಿದ್ದ. ಗೂಡಿಗೆ ಗಾಳಿಯಾಡುವ ಜಾಲರಿಯಿತ್ತು ಎಂಬುದು ಕಾರಣ. ಅಂದಿನಿಂದ ಚಪ್ಪಲಿಗಳು ಮೆಟ್ಟಿಲ ಮೇಲೆ ಮಳೆ ಬಿಸಿಲು ನೋಡುತ್ತಿವೆ. ಟಿವಿ ಹೇಳಿದ ಹೊತ್ತಿಗೆ ನಾನು ಹೋಗಿ ಕೂರುವುದಲ್ಲ, ನಾನು ಹೇಳಿದ ಹೊತ್ತಿಗೆ ಟಿವಿ ಬರಬೇಕು ಎಂದು ಅವನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ತಲೆಯಾಡಿಸಿ, ತಮ್ಮ ಚಪ್ಪಲಿ ಎಲ್ಲಿ ಬಿಡುವುದೆಂದು ಕೇಳುತ್ತಿದ್ದರು. ಪೆಟ್ಟಿಗೆ ನದಿಗಳ ಬಗ್ಗೆ, ಯುದ್ಧಗಳ ಬಗ್ಗೆ, ಮುಳುಗಿದ ಹಡಗುಗಳ ಬಗ್ಗೆ ಬಂದ ಕಾರ್ಯಕ್ರಮಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಿಡಿದಿಡುತ್ತಿತ್ತು. ಅವನು ಅವುಗಳಲ್ಲಿ ಒಂದನ್ನೂ ನೋಡಿರಲಿಲ್ಲ. ಯಾವಾಗ ಬೇಕಾದರೂ ನೋಡಬಹುದಲ್ಲ ಎಂಬ ಸುಖವೇ ಅವನಿಗೆ ಸಾಕಾಗಿತ್ತು. ಮನೆಯಲ್ಲಿ ಸರ್ವರ್ ಕಟ್ಟುವ ಹುಚ್ಚಿನವರು ಸೇರುವ ಇಂಟರ್ನೆಟ್ಟಿನ ಕೂಟವೊಂದಿತ್ತು. ಅಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ. ಸರ್ವೇಯರ್ ತನಗೆ ‘ನಿಷ್ಪಕ್ಷಪಾತಿ’ ಎಂದು ಹೆಸರಿಟ್ಟುಕೊಂಡಿದ್ದ. ಸುದ್ದಿ ಚಾನೆಲ್‌ಗಳು ಚಿತ್ರವನ್ನು ಎಡಗಡೆ ಮೇಲಕ್ಕೆ ಒತ್ತರಿಸಿ, ಬಲಕ್ಕೂ ಕೆಳಕ್ಕೂ ಜಾಹೀರಾತು ತುಂಬುವುದನ್ನು ಕಂಡು ರೋಸಿ, ಆ ಅಂಚುಗಳನ್ನು ತಾನಾಗಿ ಕತ್ತರಿಸಿಹಾಕುವ ಆಜ್ಞೆಗಳನ್ನು ಕೂಟದಲ್ಲಿ ಹುಡುಕಿ, ಭಾನುವಾರವಿಡೀ ತಲೆ ಕೆಟ್ಟು ಮೊಸರುಗಡಿಗೆಯಾಗಿ, ಕೊನೆಗೂ ಪೆಟ್ಟಿಗೆಗೆ ಕಲಿಸಿದ್ದ. ದಾಖಲಾದ ಕೂಡಲೇ ಅಂಚು ಕತ್ತರಿಸು, ಉಳಿದದ್ದನ್ನು ಪರದೆಯ ತುಂಬ ಹಿಗ್ಗಿಸು, ಮೂಲವನ್ನು ಅಳಿಸು. ಗೂಬೆಯಜ್ಜ ಎಂಬ ಹೆಸರಿನ ಹಳೆಯ ಸದಸ್ಯನೊಬ್ಬ, ಮೂಲವನ್ನು ಅಳಿಸಬೇಡಿ, ಒಂದೆರಡು ದಿನವಾದರೂ ಇರಲಿ ಎಂದು ಬರೆದಿದ್ದ. ಮುದುಕರು ಹಳೆಯ ಪೇಪರನ್ನೂ ಎಸೆಯುವುದಿಲ್ಲ ಎಂದು ನಿಷ್ಪಕ್ಷಪಾತಿ ಮೂಗು ಮುರಿದಿದ್ದ. ಆವತ್ತು ಸಂಜೆ ಹೆಂಡತಿಯನ್ನು ಕರೆದು ಕೂರಿಸಿ, ಕತ್ತರಿಸಿದ ವಾರ್ತೆಯನ್ನು ತೋರಿಸಿ, “ನೋಡು, ಕಸ ಎಲ್ಲಾ ತೆಗೆದುಹಾಕಿದೀನಿ. ಬರೀ ಸುದ್ದಿ,” ಎಂದಿದ್ದ. ಅವಳು ಸ್ವಲ್ಪ ಹೊತ್ತು ನೋಡಿ, “ಆ ಮೂಲೇಲಿ ಒಬ್ರು ಕೈಭಾಷೇಲಿ ಹೇಳ್ತಿರ್ತಾರಲ್ಲ, ಅವರೂ ಹೋದ್ರಾ?” ಎಂದು ಕೇಳಿದ್ದಳು. “ಅದು ನಮಗ್ಯಾಕೆ?” ಎಂದು ಇವನು ಅಂದದ್ದು, ಅನ್ನುತ್ತಾ ನಕ್ಕದ್ದು, ಈಗ ಸೋಫಾದ ಅಂಚಿನಲ್ಲಿ, ಕಾಲಿನಲ್ಲಿ ಒಂದೇ ಬೂಟು ಉಳಿದಿರುವಾಗ, ಕಿವಿಯಲ್ಲಿ ಸ್ವಚ್ಛವಾಗಿ ಕೇಳಿಸಿತು. ಅವಳು ಹೇಳಿದ್ದಳು. ಹೇಳಿದ್ದು ಅವನ ತಲೆಯಲ್ಲಿ ದಾಖಲಾಗಿಯೂ ಇತ್ತು.

ಹೆಂಡತಿ ಕಿವುಡ ಮಕ್ಕಳ ಶಾಲೆಯ ಟೀಚರ್. ಅವಳ ತಮ್ಮ, ಎಂದರೆ ಸರ್ವೇಯರನ ಬಾಮೈದ, ಹುಟ್ಟಿನಿಂದ ಕಿವುಡ. ಶಾಲೆ, ತರಬೇತಿ, ಸರ್ಟಿಫಿಕೇಟು ಎಲ್ಲ ಬರುವುದಕ್ಕೆ ಬಹಳ ಮೊದಲೇ, ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಅಕ್ಕ ತಮ್ಮ ಇಬ್ಬರೇ ಸೇರಿ ಒಂದು ಭಾಷೆ ಮಾಡಿಕೊಂಡಿದ್ದರಂತೆ. ಈಗ ಅವನು ಪುಸ್ತಕ ಹೊಲಿದು ಅಂಟಿಸುವ ಬೈಂಡಿಂಗ್ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲಿದ್ದಾನೆ. ಯಂತ್ರದ ಹತ್ತಿರ ಫೋನ್ ತರುವಂತಿಲ್ಲ. ಟಿವಿಯ ಮೂಲೆಯಲ್ಲಿ ಕೈಯಾಡಿಸುವವರನ್ನು ಕಂಡರೆ ಅವನಿಗೆ ಎಲ್ಲಿಲ್ಲದ ನಗು. ಒಬ್ಬಳು ಹಿಟ್ಟು ನಾದುತ್ತಾಳೆ, ಒಬ್ಬ ನೊಣ ಓಡಿಸುತ್ತಾನೆ, ಸುದ್ದಿ ಮಾತ್ರ ಒಬ್ಬರೂ ಹೇಳುವುದಿಲ್ಲ ಎಂದು ಅವನು ಕೈಯಲ್ಲೇ ಅಭಿನಯಿಸಿ ತೋರಿಸುವುದನ್ನು ಹೆಂಡತಿ ಬಾಯಲ್ಲಿ ಹೇಳಿ ನಗುತ್ತಿದ್ದಳು. ಹೋದ ವಾರ ಚಾನೆಲ್‌ನವರು ಅವಳನ್ನೇ ಕರೆದರು. ಮಧ್ಯಾಹ್ನದ ವಾರ್ತೆಗೆ ಒಂದು ದಿನ ಬಂದು ಮಾಡಿ, ಸರಿಯೆನಿಸಿದರೆ ಸೋಮವಾರದಿಂದ ದಿನಾ. ಅವರಿಗೆ ಸರಿಯೆನಿಸುವುದರಲ್ಲಿ ಅವಳಿಗೆ ಸಂಶಯವಿರಲಿಲ್ಲ, ಅವರಿಗೆ ಹಿಟ್ಟು ನಾದುವುದೂ ಸರಿಯೆನಿಸುತ್ತದೆ. “ನನ್ನ ತಮ್ಮ ನೋಡಿ, ಅರ್ಥ ಆಯ್ತು ಅಂದ್ರೆ ಒಪ್ಕೋತೀನಿ. ಇಲ್ಲಾಂದ್ರೆ ನಾನೂ ಇನ್ನೊಬ್ಬಳು ನೊಣ ಓಡಿಸೋಳು ಯಾಕಾಗ್ಲಿ?” ಎಂದಿದ್ದಳು. ಇವತ್ತು ಸಂಜೆಯೇ ಚಾನೆಲ್‌ಗೆ ಉತ್ತರ ಹೇಳಬೇಕಿತ್ತು. ಸ್ಟುಡಿಯೋದ ರೆಕಾರ್ಡಿಂಗಿನ ಪ್ರತಿ ಕೇಳಿದರೆ ಮೇಲಿನವರ ಒಪ್ಪಿಗೆ ಬೇಕು, ವಾರಗಟ್ಟಲೆ ಹಿಡಿಯುತ್ತದೆ ಎಂದಿದ್ದರು. ಆಗ ಸರ್ವೇಯರ್ ಎದೆ ಉಬ್ಬಿಸಿ, “ಪ್ರತಿ ಯಾಕೆ? ನಮ್ಮ ಪೆಟ್ಟಿಗೆ ಇರೋದು ಯಾಕೆ? ಸಂಜೆ ತಮ್ಮನ್ನ ಕರ್ಕೊಂಡು ಬಾ, ಟೀ ಕುಡೀತಾ ನೋಡೋಣ,” ಎಂದಿದ್ದ. ಮೊದಲ ಸಲ ಅವನೂ ಅದನ್ನು ಪೆಟ್ಟಿಗೆ ಎಂದು ಕರೆದಿದ್ದ. ಅವಳ ಮುಖ ಅರಳಿದ್ದನ್ನು ನೋಡಿ, ತಾನು ಒಳ್ಳೆಯ ಗಂಡ ಎಂದು ಅವನಿಗೆ ಅನಿಸಿತ್ತು. ಹಾಗೆ ಅನಿಸುವುದು ಅವನಿಗೆ ಹೊಸದೇನಲ್ಲ.

ಅವಳು ಮೂಲೆಯಲ್ಲಿ ಕೈಯಾಡಿಸುತ್ತಿದ್ದ ಆ ಹೊತ್ತಿಗೆ ಅವನು ಒಂದು ಹಾಸಿಗೆ ಅಂಗಡಿಯಲ್ಲಿದ್ದ. ನೆಲಮಾಳಿಗೆಯಲ್ಲಿ ನೀರಿನ ಪೈಪು ಒಡೆದು ಹಾಸಿಗೆಗಳೆಲ್ಲ ನೆನೆದು ಊದಿಕೊಂಡಿದ್ದವು; ಪೈಪು ತಾನಾಗಿ ಒಡೆಯಿತೋ, ಮೊದಲೇ ತೊಟ್ಟಿಕ್ಕುತ್ತಿದ್ದದ್ದನ್ನು ಮಾಲೀಕ ಗಮನಿಸದೆ ಬಿಟ್ಟನೋ ಎಂದು ತೀರ್ಮಾನಿಸಿ ವಿಮಾ ಕಂಪನಿಗೆ ವರದಿ ಕೊಡುವುದು ಅವನ ಕೆಲಸ. ಗೋಡೆಯ ಹಳೆಯ ಕಲೆಗಳನ್ನು ಕಂಡು ಅವನು ಆಗಲೇ ತೀರ್ಮಾನಿಸಿಯೂ ಆಗಿತ್ತು. ಮೇಲಿನ ಷೋರೂಮಿನಲ್ಲಿ, ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಮಂಚದ ಮೇಲೆ ಕೂತು ಬರೆದುಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಟಿವಿ ನಡೆಯುತ್ತಿತ್ತು. ಮಾಲೀಕನ ಹೆಂಡತಿ, “ಇವತ್ತು ಮೂಲೇಲಿ ಬೇರೆ ಯಾರೋ ಬಂದಿದಾರೆ ನೋಡ್ರಿ, ಮುಖದಲ್ಲೇ ಎಲ್ಲಾ ಹೇಳ್ತಿದಾರೆ,” ಎಂದು ಗಂಡನಿಗೆ ಹೇಳಿದಳು. ಸರ್ವೇಯರನ ಪೆನ್ನು ನಿಂತಿತು. ತಿರುಗಿದರೆ ಸಾಕಿತ್ತು. ತಿರುಗಿದರೆ ಮಾಲೀಕ, ಯಾಕೆ ಸರ್, ಪರಿಚಯದವರಾ ಎನ್ನುತ್ತಿದ್ದ. ನನ್ನ ಹೆಂಡತಿ ಎನ್ನಬೇಕಾಗುತ್ತಿತ್ತು. ಅವರು ಟೀ ತರಿಸುತ್ತಿದ್ದರು, ಹೊಗಳುತ್ತಿದ್ದರು, ಹೊಗಳಿದವರ ಕ್ಲೇಮನ್ನು ತಳ್ಳಿಹಾಕುವುದು ಮುಜುಗರ. ಅದಕ್ಕಿಂತ ಒಳಗಿನ ಕಾರಣ ಒಂದಿತ್ತು, ಅದನ್ನು ಅವನು ಅಲ್ಲೇ ಮುಚ್ಚಿಟ್ಟ. ಹೆಂಡತಿ ಟಿವಿಯಲ್ಲಿ ಬರುತ್ತಾಳೆ ಎನ್ನುವುದು ಸರಿ, ಆದರೆ ಮೂಲೆಯಲ್ಲಿ, ಅಂಗೈಯಗಲದ ಚೌಕದಲ್ಲಿ. ಹೇಳಿಕೊಳ್ಳುವಂಥದ್ದಾಗಿರಲಿಲ್ಲ. “ಸ್ವಲ್ಪ ಆ ಟಿವಿ ಆಫ್ ಮಾಡ್ತೀರಾ? ಬರೆಯೋದು ತಪ್ಪುತ್ತೆ,” ಎಂದ. ಆಫ್ ಮಾಡಿದರು. ಜೇಬಿನಲ್ಲಿ ಫೋನ್ ಗುರ್ರೆಂದು, ಪೆಟ್ಟಿಗೆ ಕಳಿಸಿದ ಸಂದೇಶ ಬಂತು. ದಾಖಲಾಗುತ್ತಿದೆ. ನೋಡಿದೆಯಾ, ಸಂಜೆ ಆರಾಮಾಗಿ, ಚೊಕ್ಕವಾಗಿ ನೋಡಬಹುದು ಎಂದುಕೊಂಡು ಅವನು ‘ಮಾಲೀಕರ ನಿರ್ಲಕ್ಷ್ಯ’ ಎಂದು ಬರೆದು ಅಡಿಗೆರೆ ಎಳೆದ.

ಅಡಿಗೆರೆ ಈಗಲೂ ಅವನ ಬ್ಯಾಗಿನಲ್ಲಿತ್ತು. ಹೆಂಡತಿ, ಬಾಮೈದ ಬರುವ ಹೊತ್ತಾಗುತ್ತಿತ್ತು. ಅವನು ಚಪ್ಪಲಿ ಗೂಡಿನ ಮುಂದೆ ಮಂಡಿಯೂರಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಅಳಿಸಿಹೋದ ಮೂಲವನ್ನು ಡಿಸ್ಕಿನ ಯಾವುದಾದರೂ ಸಂದಿಯಿಂದ ಎತ್ತಲಾದೀತೇ ಎಂದು ಒದ್ದಾಡಿದ. ಆ ಜಾಗದಲ್ಲಿ ಆಗಲೇ ದೀಪಸ್ತಂಭಗಳ ಚರಿತ್ರೆ ಬಂದು ಕೂತಿತ್ತು. ದೀಪಸ್ತಂಭಗಳ ಚರಿತ್ರೆಯನ್ನು ದಾಖಲಿಸು ಎಂದು ತಾನು ಯಾವಾಗ ಹೇಳಿದ್ದೆನೆಂದು ಅವನಿಗೆ ನೆನಪೇ ಇರಲಿಲ್ಲ. ಕೂಟಕ್ಕೆ ಹೋಗಿ ‘ತುರ್ತು’ ಎಂದು ಶುರುಮಾಡಿ ನಡೆದದ್ದನ್ನು ಬರೆದ. ಹೆಂಡತಿ ಎನ್ನದೆ ‘ಒಂದು ಮುಖ್ಯವಾದ ಭಾಗ’ ಎಂದು ಬರೆದ. ತಕ್ಷಣ ಉತ್ತರ ಬಂತು. ಗೂಬೆಯಜ್ಜ ತನ್ನ ಹಳೆಯ ಮಾತನ್ನೇ ಮತ್ತೆ ಅಂಟಿಸಿ, ಕೆಳಗೆ ಒಂದು ನಗುಮುಖ ಇಟ್ಟಿದ್ದ. ಇನ್ನೊಬ್ಬ, ಅಂಚು ಕತ್ತರಿಸುವುದು ತುಂಬಾ ಚೆನ್ನಾಗಿ ಕೆಲಸ ಮಾಡಿದಂತಿದೆ, ಆ ಆಜ್ಞೆಗಳನ್ನು ನಮಗೂ ಕೊಡುತ್ತೀರಾ ಎಂದು ಕೇಳಿದ್ದ. ನಾಚಿಕೆಯೆಂದರೆ, ಅದನ್ನು ಓದಿದಾಗ ಸರ್ವೇಯರನಿಗೆ ಒಂದು ಗಳಿಗೆ ಖುಷಿಯಾಯಿತು.

ಇನ್ನು ಉಳಿದದ್ದು ಸುಳ್ಳು. ಈ ವಿಷಯದಲ್ಲಿ ಅವನಿಗಿಂತ ಪಳಗಿದವರು ಸಿಗುವುದು ಕಷ್ಟ, ಏಕೆಂದರೆ ಉದ್ಯೋಗದುದ್ದಕ್ಕೂ ಅವನು ಜನರ ಸುಳ್ಳುಗಳ ನಡುವೆ ಓಡಾಡಿದವನು. ಸುಳ್ಳು ಹೇಳುವವರು ಹೆಚ್ಚು ವಿವರ ಕೊಡುತ್ತಾರೆ, ಕೇಳದಿದ್ದರೂ ಹೇಳುತ್ತಾರೆ, ಕುಡಿಯಲು ಏನಾದರೂ ತಂದುಕೊಡುತ್ತಾರೆ. ಚಾನೆಲ್‌ನವರ ಮೇಲೆ ಹಾಕಿದರೆ ಅವಳು ಫೋನ್ ಮಾಡಿ ಕೇಳುತ್ತಾಳೆ. ಕೇಬಲ್‌ನವನ ಮೇಲೆ ಹಾಕಿದರೆ ಪಕ್ಕದ ಮನೆಯವರು ನೋಡಿರಬಹುದು. ಕರೆಂಟು ವಾಸಿ; ಕರೆಂಟು ಯಾರ ನೆಂಟನೂ ಅಲ್ಲ, ಬಂದು ಸಾಕ್ಷಿ ಹೇಳುವುದಿಲ್ಲ. ಕರೆಂಟು ಹೋಗಿತ್ತು, ಪೆಟ್ಟಿಗೆ ನಿಂತುಹೋಯಿತು, ಏನೂ ದಾಖಲಾಗಲಿಲ್ಲ. ಚಿಕ್ಕದು, ಚೊಕ್ಕದು. ತಾನು ಎಷ್ಟೊಂದು ಅಂಗಡಿಯವರ ಮುಖ ನೋಡಿ, ಒಳಗೊಳಗೇ ನಗುತ್ತಾ, ಪಾಪ ಇದನ್ನೇ ಹೇಳುತ್ತಾನೆ ಎಂದುಕೊಂಡಿದ್ದೆನೋ ಅದನ್ನೇ ಈಗ ತಾನೂ ಹೇಳಲು ಬಾಯಲ್ಲಿ ಹೊರಳಿಸಿಕೊಳ್ಳುತ್ತಿದ್ದೇನೆ ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಅವನು ಎದ್ದು ಟೀಗೆ ನೀರಿಟ್ಟ, ಬಿಸ್ಕತ್ತುಗಳನ್ನು ತಟ್ಟೆಯಲ್ಲಿ ಸುತ್ತಲೂ ಜೋಡಿಸಿದ. ಮದುವೆಯಾದಾಗಿನಿಂದ ಅವನು ಬಿಸ್ಕತ್ತು ಜೋಡಿಸಿದ್ದು ಇದೇ ಮೊದಲು.

ಬಾಗಿಲು ತೆರೆದು ಮೊದಲು ಬಂದದ್ದು ಬಾಮೈದ, ಕೆಲಸದ ಬಟ್ಟೆಯಲ್ಲೇ, ಬೆರಳ ಸಂದಿಯಲ್ಲಿ ಒಣಗಿದ ಗೋಂದು. ಸರ್ವೇಯರನನ್ನು ಕಂಡ ಕೂಡಲೇ ಅವನು ಹೆಬ್ಬೆರಳಿನಿಂದ ಗಾಳಿಯನ್ನು ಎರಡು ಸಲ ಒತ್ತಿದ. ಅದು ಅವರ ಭಾಷೆಯಲ್ಲಿ ಸರ್ವೇಯರನ ಹೆಸರು. ಬಹಳ ಕಾಲ ಅವನು ಅದನ್ನು ಮೊಹರು ಒತ್ತುವುದೆಂದು ತಿಳಿದು, ಆಫೀಸರ್ ಎಂದು ಹೆಸರಿಟ್ಟಿದ್ದಾನೆ ಹುಡುಗ ಎಂದು ಜಂಬಪಟ್ಟಿದ್ದ. ಅದು ರಿಮೋಟು ರೀ ಎಂದು ಹೆಂಡತಿ ಒಂದು ದಿನ ಹೇಳಿದಾಗ, ಗೊತ್ತಿತ್ತು ಬಿಡು ಎನ್ನುವಂತೆ ನಕ್ಕಿದ್ದ. “ಬಾ ಬಾ, ಚೆನ್ನಾಗಿದೀಯಾ?” ಎಂದು ಈಗಲೂ ಅವನು ದನಿ ಎತ್ತರಿಸಿ ಕೂಗಿದ. ಇಷ್ಟು ವರ್ಷವಾದರೂ ಕಿವುಡನೊಡನೆ ಕೂಗಿ ಮಾತಾಡುವ ಅಭ್ಯಾಸ ಅವನಿಗೆ ತಪ್ಪಿರಲಿಲ್ಲ; ಊಟ, ನಿದ್ದೆ, ಭೇಷ್ ಎನ್ನುವ ಮೂರು ಸನ್ನೆಗಳನ್ನು ತಾನೇ ಕಂಡುಹಿಡಿದಿದ್ದ, ಅವುಗಳಲ್ಲೇ ನಂಟಸ್ತನ ನಡೆದಿತ್ತು. ಹಿಂದೆಯೇ ಹೆಂಡತಿ ಬಂದಳು. ಕಪ್ಪು ಅಂಗಿ, ಕೆನ್ನೆಯ ಮೇಲೆ ಸ್ಟುಡಿಯೋದ ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ, ಕಣ್ಣಿನಲ್ಲಿ ಪರೀಕ್ಷೆ ಬರೆದು ಬಂದವರ ಹೊಳಪು. “ಟೀ ನೀವೇ ಮಾಡಿದ್ರಾ?” ಎಂದು ಬಿಸ್ಕತ್ತಿನ ತಟ್ಟೆಯನ್ನೂ ಅವನನ್ನೂ ನೋಡಿದಳು.

“ಒಂದು ಸಣ್ಣ ತೊಂದರೆ ಆಯ್ತು ಕಣೇ,” ಎಂದ ಅವನು. “ಮಧ್ಯಾಹ್ನ ಕರೆಂಟ್ ಹೋಗಿತ್ತು. ಈ ಬೀದಿಗೇ ಹೋಗಿತ್ತಂತೆ. ಟ್ರಾನ್ಸ್‌ಫಾರ್ಮರ್ ಏನೋ ಸುಟ್ಟಿತ್ತಂತೆ. ಸರಿಯಾಗಿ ಆ ಹೊತ್ತಿಗೇ ನೋಡು. ಪೆಟ್ಟಿಗೆ ಏನ್ ಮಾಡುತ್ತೆ ಪಾಪ.” ಟ್ರಾನ್ಸ್‌ಫಾರ್ಮರ್ ಎನ್ನುತ್ತಿದ್ದಂತೆ ಅವನಿಗೇ ತಿಳಿಯಿತು, ಹೆಚ್ಚು ವಿವರ.

ಹೆಂಡತಿಯ ಮುಖದ ಹೊಳಪು ಆರಿತು. ತಮ್ಮನ ಕಡೆ ತಿರುಗಿ ಕೈಯಲ್ಲಿ ಹೇಳಿದಳು. ಅವನ ಹುಬ್ಬು ಮೇಲೆ ಹೋಗಿ ಕೆಳಗೆ ಬಂತು, ಹೆಗಲು ಇಳಿಯಿತು. ಅವಳು ಟೀಗೆ ಹಾಲು ಬಿಸಿಮಾಡಲು ಒಳಗೆ ಹೋದಳು. ಒಳಗಿನಿಂದ ಓವನ್ನಿನ ಬಾಗಿಲು ತೆಗೆದ ಸದ್ದು ಬಂತು, ಹಾಕಿದ ಸದ್ದು ಬರಲಿಲ್ಲ. ಸರ್ವೇಯರನಿಗೆ ಹಳೆಯ ಕೇಸೊಂದು ನೆನಪಾಯಿತು. ಒಂದು ಬೇಕರಿಯವನು, ಕರೆಂಟು ಹೋಗಿ ಫ್ರೀಜರಿನ ಸರಕೆಲ್ಲ ಕೆಟ್ಟಿತೆಂದು ಕ್ಲೇಮು ಹಾಕಿದ್ದ. ಇವನು ಹೋದವನೇ ಗೋಡೆಯ ಪಕ್ಕದ ಓವನ್ನು ನೋಡಿದ್ದ. ಕರೆಂಟು ಹೋಗಿಬಂದರೆ ಅದರ ಗಡಿಯಾರ ಸೊನ್ನೆಗೆ ಬಂದು ಮಿನುಗುತ್ತಾ ಕೂರುತ್ತದೆ, ಬೇಕರಿಯವನದು ಹಾಯಾಗಿ ಸರಿಯಾದ ಹೊತ್ತು ತೋರಿಸುತ್ತಿತ್ತು. ಆ ಕಥೆಯನ್ನು ಮನೆಗೆ ಬಂದು ಊಟ ಮಾಡುತ್ತಾ ಹೆಂಡತಿಗೆ ಹೇಳಿದ್ದ, ಬೇಕರಿಯವನ ಮುಖ ಹೇಗೆ ಹುಳ್ಳಗಾಯಿತು ಎಂದು ನಟಿಸಿ ತೋರಿಸಿದ್ದ. ಒಂದು ಸಲವಲ್ಲ, ಬಂದವರಿಗೆಲ್ಲ.

ಅವಳು ಹಾಲಿನ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಓವನ್ ಗಡಿಯಾರ ಸರಿಯಾಗೇ ಇದೆಯಲ್ರೀ,” ಎಂದಳು.

ಅವನು ಬಾಯಿ ತೆರೆದ. ಬೇಕರಿಯವನು ಆ ಹೊತ್ತಿನಲ್ಲಿ, ನಾನೇ ಸರಿಮಾಡಿದೆ ಎಂದಿದ್ದ. “ನಾನೇ...” ಎಂದು ಸರ್ವೇಯರ್ ಶುರುಮಾಡಿ ನಿಲ್ಲಿಸಿದ. ಅವಳು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ಅವನು ತಿರುಗಿ ಸಿಟ್ಟಾಗಬಹುದಿತ್ತು. ಅವಳು ಸುಮ್ಮನೆ ನೋಡುತ್ತಿದ್ದಳು, ಅವನು ಹಾಸಿಗೆ ಅಂಗಡಿಯ ಗೋಡೆಯನ್ನು ನೋಡಿದ ಹಾಗೆ, ಹಳೆಯ ಕಲೆಗಳು ಎಲ್ಲಿಂದ ಶುರುವಾಗಿವೆ ಎಂದು. “ಏನು ರೆಕಾರ್ಡ್ ಆಗಿದೆಯೋ ಅದನ್ನ ಹಾಕಿ,” ಎಂದಳು.

ಹಾಕಿದ. ವಾರ್ತೆ ಓದುವವಳು ಪರದೆಯ ತುಂಬ ಕೂತು, ಸೇತುವೆಯೊಂದರ ರಿಪೇರಿಯ ವಿಷಯ ಹೇಳತೊಡಗಿದಳು. ಬಾಮೈದ ಸೋಫಾದಿಂದ ಮುಂದಕ್ಕೆ ಬಾಗಿ ಕೂತ. ಮೂಲೆ ನೋಡಿದ, ಇನ್ನೊಂದು ಮೂಲೆ ನೋಡಿದ, ಅಕ್ಕನನ್ನು ನೋಡಿದ. ಬೆರಳಿನ ತುದಿ ಒಳಗೆ ಬಂತು. ಅವನು ಎದ್ದು ಟಿವಿಯ ಹತ್ತಿರ ಹೋಗಿ ಮಂಡಿಯ ಮೇಲೆ ಕೈಯೂರಿ ಬಗ್ಗಿದ. ಎರಡು ಬೆರಳು ಬಂದವು, ಹೋದವು. ಅಂಗೈಯ ಅಂಚು ಬಂತು, ಹೋಯಿತು. ಬಾಮೈದ ಟಿವಿಯ ಬಲಗಡೆಯ ಪಕ್ಕಕ್ಕೆ ಕತ್ತು ಚಾಚಿ, ಅದರ ಹಿಂದೆ ಇಣುಕಿ ನೋಡಿದ. ಅಲ್ಲಿ ವೈರುಗಳೂ ಧೂಳೂ ಇದ್ದವು. ಅವನು ವೈರುಗಳನ್ನು ಗಂಭೀರವಾಗಿ ಸರಿಸಿ, ಇನ್ನಷ್ಟು ಒಳಗೆ ಇಣುಕಿದ. ತಮಾಷೆಗೆ ಮಾಡುತ್ತಿದ್ದಾನೆಂದು ಸರ್ವೇಯರನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ತಿಳಿದಾಗ ಕಿವಿ ಬಿಸಿಯಾಯಿತು. ಏನಾದರೂ ಹೇಳಬೇಕು, ಈ ಮೌನದಲ್ಲಿ ಏನಾದರೊಂದು ಒಳ್ಳೆಯ ಮಾತು ಬೀಳಬೇಕು ಎಂಬ ತಳಮಳದಲ್ಲಿ ಅವನು, “ಆದ್ರೂ ಸೌಂಡ್ ನೋಡು, ಎಷ್ಟು ಕ್ಲಿಯರ್ ಆಗಿ ಬಂದಿದೆ!” ಎಂದುಬಿಟ್ಟ.

ಹೆಂಡತಿ ಆ ಮಾತನ್ನು ತಮ್ಮನಿಗೆ ಕೈಯಲ್ಲಿ ಹೇಳಿದಳು. ಪ್ರಾಮಾಣಿಕವಾಗಿ, ಒಂದಕ್ಷರ ಬಿಡದೆ ಹೇಳಿರಬೇಕು. ಬಾಮೈದ ಇಬ್ಬರನ್ನೂ ಒಮ್ಮೆ ನೋಡಿ, ಸೋಫಾಕ್ಕೆ ಬಿದ್ದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅವನ ನಗುವಿಗೆ ದನಿ ಇತ್ತು. ಒರಟಾದ, ಯಾರಿಗೂ ಹೆದರದ ದನಿ. ಹೆಂಡತಿಯೂ ನಕ್ಕಳು. ನಗುತ್ತಾ ನಗುತ್ತಾ ಅವಳ ಗಲ್ಲ ಅದುರಿತು, ಅವಳು ಹಾಲಿನ ಪಾತ್ರೆಯನ್ನು ಟೀಪಾಯಿಯ ಮೇಲಿಟ್ಟು, ಕಣ್ಣನ್ನು ಅಂಗಿಯ ತೋಳಿನಲ್ಲಿ ಒತ್ತಿಕೊಂಡಳು. ಸರ್ವೇಯರ್ ಇಂಗು ತಿಂದ ಮಂಗನಂತೆ ರಿಮೋಟು ಹಿಡಿದು ನಿಂತಿದ್ದ. ಕ್ಷಮಿಸು ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವನು ಬರೆದ ವರದಿಗಳಲ್ಲಿ ಆ ಶಬ್ದಕ್ಕೆ ಜಾಗವಿರಲಿಲ್ಲ, ಬಳಸಿ ಅಭ್ಯಾಸವೂ ಇರಲಿಲ್ಲ.

“ಮೊದಲಿಂದ ಹಾಕಿ,” ಎಂದಳು ಹೆಂಡತಿ. “ಸೌಂಡ್ ಜಾಸ್ತಿ ಮಾಡಿ.” ಮೂಗು ಒರೆಸಿಕೊಂಡು, ಕೂದಲು ಹಿಂದಕ್ಕೆ ತಳ್ಳಿ, ಹೋಗಿ ಟಿವಿಯ ಬಲಗಡೆ ನಿಂತಳು. ಗೋಡೆಗೂ ಟಿವಿಗೂ ನಡುವೆ ಅವಳೊಬ್ಬಳಿಗೆ ಹಿಡಿಸುವಷ್ಟು ಜಾಗವಿತ್ತು. ಕೈಗಳನ್ನು ಹೊಟ್ಟೆಯ ಮುಂದೆ ಜೋಡಿಸಿ ಕಾದಳು. ಸರ್ವೇಯರ್ ಗುಂಡಿ ಒತ್ತಿದ.

ಸೇತುವೆಯ ರಿಪೇರಿ ಬಂತು. ಅವಳ ಎರಡು ಅಂಗೈಗಳು ಸೇತುವೆಯಾದವು, ಬಿರುಕು ಬಿಟ್ಟವು. ಬಸ್ ನೌಕರರ ಮುಷ್ಕರ ಬಂತು. ಎಲ್ಲೋ ದೂರದ ಸಮುದ್ರದಲ್ಲಿ ಹಡಗೊಂದು ಕೆಟ್ಟು ನಿಂತ ಸುದ್ದಿ ಬಂತು, ಅವಳ ಮುಖ ಆ ಹಡಗಿನ ಮೇಲಿದ್ದವರ ಮುಖವಾಯಿತು, ಹುಬ್ಬು ಕೂಡಿತು, ಕೆನ್ನೆ ಊದಿ ಇಳಿಯಿತು. ವಾರ್ತೆ ಓದುವವಳು ಅದನ್ನೆಲ್ಲ ಒಂದೇ ಮುಖದಲ್ಲಿ ಓದುತ್ತಿದ್ದಳು. ಸರ್ವೇಯರನಿಗೆ ಸಮುದ್ರ ಕಾಣಿಸಿತು. ಅವನ ಪೆಟ್ಟಿಗೆಯಲ್ಲಿ ರಾಶಿಬಿದ್ದಿದ್ದ ಮುಳುಗಿದ ಹಡಗುಗಳಲ್ಲಿ ಒಂದೂ ಅವನಿಗೆ ಹೀಗೆ ಕಾಣಿಸಿರಲಿಲ್ಲ. ಇವಳು ಇಷ್ಟು ದಿನ ಈ ಮನೆಯಲ್ಲೇ ಇದ್ದಳೇ ಎಂದು ಅವನು ಬೆರಗಾದ, ಬೆರಗಿನ ಬೆನ್ನಿಗೆ ಹೊಟ್ಟೆಕಿಚ್ಚು ಬಂತು. ಅವಳು ನೋಡುತ್ತಿದ್ದದ್ದು ತಮ್ಮನನ್ನು ಮಾತ್ರ. ಗಂಡ ಅಲ್ಲಿ ರಿಮೋಟಿಗೆ ಅಂಟಿದ ಒಂದು ಕೈಯಾಗಿದ್ದ. ಬಾಮೈದ ಈಗ ನಗುತ್ತಿರಲಿಲ್ಲ. ಒಮ್ಮೆ ಕೈಯೆತ್ತಿ ತಡೆದ. “ನಿಲ್ಸಿ,” ಎಂದಳು ಹೆಂಡತಿ, ಸರ್ವೇಯರ್ ನಿಲ್ಲಿಸಿದ. ಅಕ್ಕ ತಮ್ಮ ಮುಷ್ಕರದ ಸನ್ನೆಯ ಬಗ್ಗೆ ಏನೋ ವಾದ ಮಾಡಿದರು. ಅವನು ತನ್ನದೊಂದು ಸನ್ನೆ ತೋರಿಸಿದ, ಅವಳು ಒಪ್ಪಲಿಲ್ಲ, ಅವನು ಮತ್ತೆ ತೋರಿಸಿದ, ಅವಳು ಹಣೆ ಚಚ್ಚಿಕೊಂಡು ಅದನ್ನು ಎರಡು ಮೂರು ಸಲ ಮಾಡಿ ಕೈಗೆ ಕೂರಿಸಿಕೊಂಡಳು. “ಹಿಂದಕ್ಕೆ ಹೋಗಿ.” ಸರ್ವೇಯರ್ ಹಿಂದಕ್ಕೆ ಹೋದ. “ಹಾಕಿ.” ಹಾಕಿದ. ಪೆಟ್ಟಿಗೆ ಕಟ್ಟಿದ ಮೇಲೆ ಅದನ್ನು ಇಷ್ಟು ಕೆಲಸಕ್ಕೆ ಬರುವ ಹಾಗೆ ಯಾರೂ ನಡೆಸಿರಲಿಲ್ಲ.

ವಾರ್ತೆ ಮುಗಿಯಿತು. ಬಾಮೈದ ಬಹಳ ಹೊತ್ತು, ನಿಧಾನವಾಗಿ, ಗೋಂದು ಮೆತ್ತಿದ ಕೈಗಳಲ್ಲಿ ಅಕ್ಕನಿಗೆ ಏನೋ ಹೇಳಿದ. ಅವಳು ಟಿವಿಯ ಪಕ್ಕದಲ್ಲೇ ಗೋಡೆಗೆ ಒರಗಿ ಕೇಳಿಸಿಕೊಂಡಳು. ಸಾಮಾನ್ಯವಾಗಿ ತಮ್ಮ ಹೇಳಿದ್ದನ್ನೆಲ್ಲ ಅವಳು ಆಗಾಗಲೇ ಬಾಯಲ್ಲಿ ಹೇಳಿ ಗಂಡನನ್ನೂ ಸೇರಿಸಿಕೊಳ್ಳುತ್ತಿದ್ದಳು. ಇವತ್ತು ಅವಳ ತುಟಿ ಅಲ್ಲಾಡಲಿಲ್ಲ. ಸರ್ವೇಯರ್ ಇಬ್ಬರ ಮುಖಗಳನ್ನೂ ಮತ್ತೆ ಮತ್ತೆ ನೋಡಿದ. ಹೊಗಳ್ತಿದ್ದಾನೋ, ಬೇಡ ಅಂತಿದ್ದಾನೋ, ನನ್ನ ಬಗ್ಗೆಯೋ, ಹಡಗಿನ ಬಗ್ಗೆಯೋ, ತಲೆಬುಡ ತಿಳಿಯಲಿಲ್ಲ. ತನ್ನ ಮನೆಯ ನಡುಮನೆಯಲ್ಲಿ ನಿಂತು, ಕಿವಿ ಎರಡೂ ಸರಿಯಿದ್ದು, ತನಗೊಬ್ಬನಿಗೇ ಏನೂ ಕೇಳಿಸುತ್ತಿಲ್ಲ ಎಂದು ಅವನಿಗೆ ದುಃಖವಾಯಿತು. ನಿಜವಾದ ದುಃಖವೇ ಅದು. ಆದರೆ ಬಂದದ್ದು ತೀರಾ ತಡವಾಗಿ, ಮತ್ತು ತನ್ನ ಸಲುವಾಗಿ.

ಹೆಂಡತಿ ಫೋನ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. “ಹಾಂ, ನಾನೇ. ಬರ್ತೀನಿ, ಸೋಮವಾರದಿಂದ. ಇಲ್ಲ ಇಲ್ಲ, ಒಂದೇ ಒಂದು ಕಡೆ ತಪ್ಪಾಗಿತ್ತು, ಸರಿ ಮಾಡ್ಕೊಂಡೆ. ಇನ್ನೊಂದು ಮಾತು. ಆ ಮೂಲೆ ಚೌಕ ಇದೆಯಲ್ಲ, ತುಂಬಾ ಚಿಕ್ಕದಂತೆ, ನಮ್ಮವರು ಹೇಳ್ತಾರೆ. ದೊಡ್ಡದು ಮಾಡಿ,” ಎಂದಳು. ನಮ್ಮವರು ಎಂದದ್ದು ತನ್ನನ್ನಲ್ಲ ಎಂದು ಸರ್ವೇಯರನಿಗೆ ಗೊತ್ತಾಯಿತು.

ಟೀ ಆರಿಹೋಗಿತ್ತು, ಹಾಗೇ ಕುಡಿದರು. ಬಾಮೈದ ಬಿಸ್ಕತ್ತುಗಳನ್ನೆಲ್ಲ ಮುಗಿಸಿ ಎದ್ದ. ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಂಡು, ಹೊರಡುವ ಮೊದಲು ತಿರುಗಿ ಸರ್ವೇಯರನನ್ನು ಹೆಸರು ಹಿಡಿದು ಕರೆದ. ಹೆಬ್ಬೆರಳಿನಿಂದ ಗಾಳಿಯನ್ನು ಒತ್ತಲಿಲ್ಲ. ತನ್ನ ಎದೆಯ ಮುಂದೆ ಗಾಳಿಯಲ್ಲೊಂದು ಚೌಕ ಬರೆದು, ಎರಡು ಬೆರಳನ್ನು ಕತ್ತರಿ ಮಾಡಿ, ಅದರ ಕೆಳಮೂಲೆಯನ್ನು ಕಚಕ್ಕೆಂದು ಕತ್ತರಿಸಿದ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಮೇಲೆ ಅವನು ಇನ್ನೂ ಏನೋ ಸೇರಿಸಿದ, ಸರ್ವೇಯರನ ಕಡೆ ಗಲ್ಲ ತೋರಿಸಿ, ಉದ್ದವಾಗಿ, ಕೊನೆಯಲ್ಲಿ ಮೆತ್ತಗೆ. ಮೆತ್ತಗಿನ ಆ ಕೊನೆ ಏನಿರಬಹುದು ಎಂದು ತಿಳಿಯದೆ ಸರ್ವೇಯರನ ಜೀವ ಚಡಪಡಿಸಿತು. ಬಾಮೈದ ಮೆಟ್ಟಿಲಿಳಿದು ಹೋದ.

“ಏನಂದ ಅವನು? ಕೊನೇಲಿ?”

ಹೆಂಡತಿ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಬೆರಳಿನ ಪ್ಲಾಸ್ಟರು ಬಿಚ್ಚಿ ಜೋತಾಡುತ್ತಿತ್ತು.

“ಅದೆಲ್ಲಾ ಕಸ ರೀ,” ಎಂದಳು. “ನಿಮಗೋಸ್ಕರ ತೆಗೆದುಹಾಕಿದೀನಿ.”

ಅವಳು ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಚಪ್ಪಲಿ ಗೂಡಿನಲ್ಲಿ ಫ್ಯಾನು ತಿರುಗತೊಡಗಿತು; ಸಂಜೆಯ ಚರ್ಚೆ ಶುರುವಾಗಿತ್ತು, ಪೆಟ್ಟಿಗೆ ಅದನ್ನು ದಾಖಲಿಸಿಕೊಳ್ಳುತ್ತಿತ್ತು.